ಐದನೇ ತಾರೀಖಿನ ಗುಳಿಗೆ

1974ರಲ್ಲಿ ನಾನು ಮುಂಬಯಿಯ ಕುರ್ಲಾದ ಚಾಳಿನಲ್ಲಿ ಅಕ್ಕ ಶಾಂತವ್ವನ ಮನೆಯಲ್ಲಿದ್ದೆ. ನಾವು ವಿಜಾಪುರದ ಕಡೆಯವರು. ನಾನು ಓದಿದ್ದು ನಾಲ್ಕನೇ ಇಯತ್ತೆ. ಹಮಾಲಿ ಮಾಡುತ್ತ ಹಿಂದಿ ಕಲಿತಿದ್ದೆ. ಅಕ್ಕನಿಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ.

ಮದುವೆಯಾಗಿ ಏಳು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ಬಹಳ ದಪ್ಪಗಿದ್ದಳು, ಮುಟ್ಟೂ ಸರಿಯಾಗಿ ಬರುತ್ತಿರಲಿಲ್ಲ. "ದೀಪಾವಳಿತನಕ ನೋಡತೀನಿ. ಆಮ್ಯಾಲ ಮಗಗ ಬ್ಯಾರೆ ಹೆಣ್ಣ ತರತೀನಿ" ಎಂದು ಅವಳ ಅತ್ತೆ ಗಡುವು ಹಾಕಿದ್ದಳು. ಗಂಡ ಮಿಲ್ಲಿನ ಪಾಳಿ ಬಿಟ್ಟು ಬರಲಿಲ್ಲ. ಅಕ್ಕನನ್ನು ಕರೆದುಕೊಂಡು ಆಸ್ಪತ್ರೆಗೆ ನಾನೇ ಹೋದೆ.

ಡಾಕ್ಟರ್‌ಬಾಯಿ ಹಿಂದಿಯಲ್ಲಿ ಹೇಳಿದರು: ತೂಕ ಇಳಿಸಬೇಕು. ಮುಟ್ಟಾದ ಐದನೇ ದಿನದಿಂದ ಐದು ದಿನ ದಿನಕ್ಕೊಂದು ಗುಳಿಗೆ. ಅಕ್ಕ ನನ್ನ ಮುಖ ನೋಡಿದಳು. ಒಡಹುಟ್ಟಿದ ಅಕ್ಕನ ಮುಂದೆ ಆ ಮಾತು ಹೇಗೆ ಆಡಲಿ? ನಮ್ಮ ಮನೆಯಲ್ಲಿ ಗಂಡಸರು ಅದನ್ನು ಬಾಯಿಗೇ ತರುತ್ತಿರಲಿಲ್ಲ. "ಪ್ರತಿ ತಿಂಗಳ ಐದನೇ ತಾರೀಖಿನಿಂದ ಐದು ದಿನ ತಗೋವಾ" ಎಂದುಬಿಟ್ಟೆ. ಯಾವಾಗ ನುಂಗಿದರೇನು, ಹೊಟ್ಟೆಗೆ ಹೋದರಾಯಿತು ಎಂದುಕೊಂಡೆ.

ಮೂರು ತಿಂಗಳಾದರೂ ಗುಣ ಕಾಣಲಿಲ್ಲ. "ಹೇಳಿದ ಹಾಗೇ ತಗೊಳ್ತಿದ್ದಾಳಾ?" ಎಂದು ಡಾಕ್ಟರ್‌ಬಾಯಿ ಕೇಳಿದರು. "ಹಾಂ ಜೀ" ಎಂದೆ. ಅವರು ಗುಳಿಗೆ ಹೆಚ್ಚಿಸಿದರು. ನನ್ನ ಸಿಟ್ಟೆಲ್ಲ ಅಕ್ಕನ ಮೈಮೇಲೆ ಹೋಯಿತು. ದಿನಾ ಬೆಳಿಗ್ಗೆ ಸ್ಟೇಷನ್‌ವರೆಗೆ ನಡೆಸುತ್ತಿದ್ದೆ. "ಏನ ಶಾಂತವ್ವಾ, ಇವತ್ತೂ ಲೋಕಲ್ ತಪ್ಪಿತೇನು?" ಎಂದು ನೆರೆಯವರು ನಗುತ್ತಿದ್ದರು. ಅವಳು ಅರ್ಧ ರೊಟ್ಟಿಗೆ ಬಂದಳು. ಆದರೂ ನಾನು ಬಿಡಲಿಲ್ಲ. "ಕದ್ದು ತಿಂತಿ ನೀ. ಇಲ್ಲಾಂದ್ರ ಔಷಧ ಯಾಕ ಹತ್ತವಲ್ದು?" ಎಂದೆ. ಅವಳು ಅತ್ತಳು.

ದೀಪಾವಳಿಗೆ ಹದಿನೈದು ದಿನ ಇರುವಾಗ ಮತ್ತೆ ಹೋದೆವು. ಆ ದಿನ ಧಾರವಾಡದ ಕಡೆಯ ನರ್ಸ್ ಒಬ್ಬರು ಅಲ್ಲಿದ್ದರು. ನನ್ನನ್ನು ಬದಿಗೆ ಸರಿಸಿ ಅಕ್ಕನನ್ನೇ ಕೇಳಿದರು.

"ಗುಳಿಗಿ ಯಾವಾಗ ತಗೊಂಡಿಯವಾ?"

"ಐದನೇ ತಾರೀಖಿಗ್ರೀ. ಒಂದ ದಿನಾನೂ ತಪ್ಪಿಸಿಲ್ರೀ."

"ತಾರೀಖಲ್ಲವಾ, ಮುಟ್ಟಾದ ಐದನೇ ದಿನ! ಯಾರ ಹೇಳಿದ್ರು ನಿಂಗ?"

ಅಕ್ಕ ನನ್ನತ್ತ ತಿರುಗಿದಳು. ವಿಷಯ ತಿಳಿದ ಡಾಕ್ಟರ್‌ಬಾಯಿ ಪೆನ್ನು ಮೇಜಿನ ಮೇಲೆ ಎಸೆದರು.

ಹೊರಗೆ ಬಂದ ಮೇಲೆ ಅಕ್ಕ ಹೇಳಿದಳು: "ನಿಂಗ ನಾಚಿಕಿ ಆದ್ರ, ಇದು ನನಗ ಹೇಳಾಕ ಬರೂದಿಲ್ಲ ಅಂತ ಅವರಿಗೆ ಅನ್ನಬೇಕಿತ್ತಲ್ಲೋ ಮಲ್ಲ್ಯಾ. ಯಾರರ ಹೆಣ್ಣಮಗಳು ಬರ್ತಿದ್ಲು. ಇಷ್ಟ ದಿನ ನನ್ನ ತಿನ್ನೂದು ನೋಡಿ ಬೈದ್ಯಲ್ಲಾ."

ನರ್ಸ್ ಹೇಳಿಕೊಟ್ಟಂತೆ ಅವಳು ಮತ್ತೆ ಗುಳಿಗೆ ಶುರು ಮಾಡಿದಳು. ಇನ್ನಷ್ಟು ದಿನ ತಡೆಯಿರೆಂದು ಅತ್ತೆಯ ಕಾಲು ಹಿಡಿದೆ. ಕಾರಣ ಕೇಳಿದಾಗ ಮಾತ್ರ ನನ್ನ ತಪ್ಪು ಹೇಳಲಿಲ್ಲ. ದೀಪಾವಳಿ ಮುಗಿಯಿತು, ಅತ್ತೆ ಊರಿಗೆ ಹೋಗಿ ಹೆಣ್ಣು ನೋಡಿ ಬಂದಳು.

ಯುಗಾದಿಯ ಹೊತ್ತಿಗೆ ಅಕ್ಕ ಬಸುರಾದಳು. ಭಾವನ ಎರಡನೆಯ ಹೆಂಡತಿ ಆ ಒಂದೇ ಖೋಲಿಯ ಮನೆಗೆ ಬಂದು ಆಗಲೇ ಎರಡು ತಿಂಗಳಾಗಿತ್ತು.

ಅಕ್ಕ ನನ್ನ ಹೆಸರನ್ನು ಯಾರ ಮುಂದೆಯೂ ಎತ್ತಲಿಲ್ಲ. ತನ್ನ ಮೈಯೇ ಕಾರಣವೆಂದು ಜನ ಆಡಿಕೊಂಡರೂ ಸುಮ್ಮನಿದ್ದಳು. ಅವಳು ಒಮ್ಮೆಯಾದರೂ ನಾಲ್ಕು ಜನರೆದುರು ನನ್ನನ್ನು ಬೈದಿದ್ದರೆ, ಇದನ್ನು ನಾನಾಗಿ ಹೇಳಲು ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ.