ಇಡ್ಲಿ ಪಾತ್ರೆಯಲ್ಲಿ ಬೆಂದ ಅಕ್ಷರಗಳು

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ನಾನು ಪಕ್ಕದಲ್ಲೇ ಕಾಫಿ ಲೋಟ ತೊಳೆಯುತ್ತಿದ್ದೆ. ಹಬೆ ನೇರವಾಗಿ ಮುಖಕ್ಕೆ ಹೊಡೆದು ಕನ್ನಡಕ ಮಸುಕಾಯಿತು. ಅವಳು ನನ್ನ ಕಡೆ ತಿರುಗಿಯೂ ನೋಡದೆ, “ಏನ್ರೀ, ಜ್ಞಾಪಕ ಬಂತಾ?” ಅಂದಳು. ಬಂತು. ಹತ್ತು ತಿಂಗಳು ಕಳೆದರೂ ಆ ಹಬೆ ತಗುಲಿದರೆ ನನಗೆ ಹಸಿವಿಗಿಂತ ಮೊದಲು ನಾಚಿಕೆಯಾಗುತ್ತದೆ. ಇಡ್ಲಿ ಕಂಡು ನಾಚಿಕೊಳ್ಳುವ ಗಂಡಸು ಇಡೀ ಮೈಸೂರಿಗೆ ನಾನೊಬ್ಬನೇ ಇರಬೇಕು. ಯಾಕೆ ಅಂತ ಹೇಳುತ್ತೇನೆ, ಆಮೇಲೆ ಬೇಕಾದರೆ ನೀವೂ ಬೈಯಿರಿ.

ನನಗೊಂದು ಚಟವಿದೆ. ಬೀಡಿ ಸಿಗರೇಟಿನದಾಗಿದ್ದರೆ ಮನೆಯಲ್ಲಿ ಅರ್ಥವಾದರೂ ಆಗುತ್ತಿತ್ತು. ನನ್ನದು ಚಿತ್ರಕಥೆಗಳ ಮೂಲ ಪುಟಗಳನ್ನು ಕೂಡಿಡುವ ಚಟ. ಪುಸ್ತಕವಲ್ಲ, ಅಚ್ಚಿಗೆ ಹೋಗುವ ಮೊದಲು ಕಲಾವಿದರು ಕೈಯಾರೆ ಬರೆದ ರಟ್ಟಿನ ಹಾಳೆ. ಅದು ಅಚ್ಚಾದ ಪುಟಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ದೊಡ್ಡದಿರುತ್ತದೆ. ಹತ್ತಿರ ಹಿಡಿದು ನೋಡಿದರೆ ಬರೆದವರ ಕೈ ಎಲ್ಲಿ ತಡವರಿಸಿತು, ಯಾವ ಪೆನ್ಸಿಲ್ ಗೆರೆ ಅಳಿಸುವುದು ಮರೆತುಹೋಯಿತು, ಯಾವ ಮೂಲೆಯಲ್ಲಿ ಟೀ ಲೋಟ ಕೂತಿತ್ತು, ಎಲ್ಲ ಕಾಣುತ್ತದೆ. ನಾನು ನಮ್ಮೂರಿನದೇ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸುವವನು. ಇಪ್ಪತ್ತೇಳು ವರ್ಷದಿಂದ ಕಬ್ಬಿಣದ ಬಿಡಿಭಾಗಗಳ ಮೇಲೆ ಗೀರು ಹುಡುಕಿ, ಗೀರಿದ್ದನ್ನು ಪಕ್ಕಕ್ಕೆ ಎಸೆಯುತ್ತಿದ್ದೇನೆ. ಎಸೆಯುವುದು ಕೈಗೆ ಅಭ್ಯಾಸವಾಗಿಹೋಗಿದೆ ಅಂತ ಈಗ ಅನ್ನಿಸುತ್ತದೆ.

ಚಟ ಹತ್ತಿದ್ದು ಕ್ಷೌರದಂಗಡಿಯಲ್ಲಿ. ಅಪ್ಪನ ಸರದಿ ಬರುವವರೆಗೆ ನನ್ನ ಕೈಗೆ ಒಂದು ಹಳೆಯ ಮಕ್ಕಳ ಮಾಸಪತ್ರಿಕೆ ಸಿಗುತ್ತಿತ್ತು. ಅದರಲ್ಲಿ ಅಂಚೆ ಪುಟ್ಟಸ್ವಾಮಿಯ ಚಿತ್ರಕಥೆ ಬರುತ್ತಿತ್ತು. ಪುಟ್ಟಸ್ವಾಮಿ ಪೋಸ್ಟ್‌ಮ್ಯಾನು, ಸೈಕಲ್ಲಿನಲ್ಲಿ ಬರುವವನು, ಸ್ವಲ್ಪ ಹೊಟ್ಟೆ ಬಂದವನು. ಅವನ ಸಾಹಸವೆಲ್ಲ ಇಷ್ಟೆ: ಯಾರಿಗೂ ತಲುಪಿಸಲಾಗದ ಕಾಗದವನ್ನು ತಲುಪಿಸುವುದು. ದಾರಿಯಲ್ಲಿ ಕಳ್ಳರು, ನಾಯಿ, ಹಾಳುಬಾವಿ ಏನೇ ಎದುರಾದರೂ ಅವನು ಒಂದು ಮಾತು ಹೇಳುತ್ತಿದ್ದ: “ವಿಳಾಸ ಇದೆ ಅಂದಮೇಲೆ ಮನೆಯೂ ಇರುತ್ತದೆ.” ನಗಬೇಡಿ. ಕೆಲಸ ಹುಡುಕಿಕೊಂಡು, ಒಂದು ಚೀಟಿಯಲ್ಲಿ ಕಾರ್ಖಾನೆಯ ಹೆಸರು ಬರೆದುಕೊಂಡು ಹೆಬ್ಬಾಳದಲ್ಲಿ ಗೇಟಿನಿಂದ ಗೇಟಿಗೆ ಅಲೆದ ದಿನ ನಾನು ಆ ಮಾತನ್ನೇ ಒಳಗೊಳಗೆ ಹೇಳಿಕೊಂಡು ನಡೆದಿದ್ದೆ. ನಾಲ್ಕನೆಯ ಗೇಟಿನಲ್ಲಿ ಕೆಲಸ ಸಿಕ್ಕಿತು.

ಸಂಬಳ ಸ್ವಲ್ಪ ಗಟ್ಟಿಯಾದ ಮೇಲೆ ಕಲಾವಿದರಿಗೆ ಹೇಳಿ ಚಿತ್ರ ಬರೆಸುವ ಹುಚ್ಚೂ ಸೇರಿಕೊಂಡಿತು. ನಮ್ಮ ಮನೆಯ ಬಾಗಿಲಿಗೆ ಪುಟ್ಟಸ್ವಾಮಿ ಕಾಗದ ತಂದಿರುವಂತೆ ಒಂದು ಪುಟ ಬೇಕು ಅಂತ ಫೋನಿನಲ್ಲೇ ಒಬ್ಬ ತರುಣ ಕಲಾವಿದನಿಗೆ ವಿವರಿಸಿದೆ. ಅವನು ಪಾಪ ಬಹಳ ಶ್ರದ್ಧೆಯಿಂದ ಬರೆದು ಕಳಿಸಿದ. ಪುಟ್ಟಸ್ವಾಮಿಯ ಹೊಟ್ಟೆ ಮಾಯವಾಗಿ ತೋಳು ಪೈಲ್ವಾನರದ್ದಾಗಿತ್ತು, ಸೈಕಲ್ಲು ಗಾಳಿಯಲ್ಲಿ ಹಾರುತ್ತಿತ್ತು. ನನ್ನ ಹೆಂಡತಿ ನೋಡಿ, ಈತ ಕಾಗದ ಕೊಡಲು ಬಂದಿಲ್ಲ, ಮನೆ ಖಾಲಿ ಮಾಡಿಸಲು ಬಂದಿದ್ದಾನೆ ಅಂದಳು. ಆಗಲೇ ನಿರ್ಧರಿಸಿದೆ, ಬರೆಸಿದರೆ ಮೂಲ ಕಲಾವಿದರ ಕೈಯಲ್ಲೇ ಬರೆಸಬೇಕು ಅಂತ. ಪತ್ರಿಕೆಯಲ್ಲಿ ಅವರ ಹೆಸರು ‘ಚಿತ್ರ: ಮಾದು’ ಅಂತ ಇರುತ್ತಿತ್ತು, ಅಷ್ಟೆ. ವಿಚಾರಿಸುತ್ತ ಹೋದಾಗ ಆ ಮಾದು ನಮ್ಮೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದ ಮಾದಯ್ಯ, ಲಕ್ಷ್ಮೀಪುರಂನಲ್ಲೇ ಇದ್ದಾರೆ ಅಂತ ತಿಳಿಯಿತು. ನಾನು ದಿನಾ ಬಸ್ಸಿನಲ್ಲಿ ಅವರ ರಸ್ತೆಯ ತಿರುವನ್ನು ದಾಟಿಕೊಂಡೇ ಓಡಾಡುತ್ತಿದ್ದೆ.

ಅದೇ ಹೊತ್ತಿಗೆ ಇನ್ನೊಂದು ಅದೃಷ್ಟ ಒದಗಿತು. ಪತ್ರಿಕೆ ನಿಂತಾಗ ಅಲ್ಲಿ ಬೈಂಡರ್ ಆಗಿದ್ದವರೊಬ್ಬರು ಒಂದು ಕಟ್ಟು ಪುಟಗಳನ್ನು ಮನೆಗೆ ತಂದಿಟ್ಟುಕೊಂಡಿದ್ದರು. ಅವರಿಂದ ಪುಟ್ಟಸ್ವಾಮಿಯ ಒಂದು ಪೂರ್ತಿ ಕಥೆ, ಹನ್ನೊಂದು ಪುಟ, ನನ್ನ ಪಾಲಿಗೆ ಬಂತು. ಚಿತ್ರಗಳ ಮೇಲೆ ಅಲ್ಲಲ್ಲಿ ಬೇರೆ ಕಾಗದದ ತುಂಡುಗಳನ್ನು ಅಂಟಿಸಿತ್ತು. ಪಾತ್ರಗಳ ಮಾತನ್ನು ಬೇರೆ ಕಾಗದದಲ್ಲಿ ಬರೆದು, ಮೊಟ್ಟೆಯಾಕಾರದಲ್ಲಿ ಕತ್ತರಿಸಿ, ಬಾಯಿಯ ಪಕ್ಕ ಮೈದಾ ಅಂಟಿನಿಂದ ಅಂಟಿಸುವುದು ಆಗಿನ ಪದ್ಧತಿ. ಅದಕ್ಕೆ ಬಲೂನು ಅನ್ನುತ್ತಿದ್ದರು. ಅಂಟು ಹಳದಿಯಾಗಿ, ತುಂಡುಗಳ ಅಂಚು ಎದ್ದು, ಪುಟಕ್ಕೆ ಸಿಡುಬೆದ್ದಂತೆ ಕಾಣುತ್ತಿತ್ತು. ನನ್ನ ಹಾಗೆ ಚಟವಿರುವವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಮಹಾಶಯ ಬುದ್ಧಿ ಹೇಳಿದ: ಆ ತುಂಡುಗಳ ಕೆಳಗೆ ಕಲಾವಿದ ಬರೆದ ಶುದ್ಧ ಚಿತ್ರವಿರುತ್ತದೆ, ಹಬೆ ಕೊಟ್ಟರೆ ಅಂಟು ಬಿಡುತ್ತದೆ, ಚಿತ್ರಕ್ಕೆ ಏನೂ ಆಗುವುದಿಲ್ಲ.

ಒಂದು ಭಾನುವಾರ ಹೆಂಡತಿ ತವರಿಗೆ ಹೋಗಿದ್ದಳು. ಇಡ್ಲಿ ಪಾತ್ರೆಗೆ ನೀರು ಹಾಕಿ, ಕುದಿಸಿ, ಪುಟಗಳನ್ನು ಒಂದೊಂದಾಗಿ ಹಬೆಯ ಮೇಲೆ ಹಿಡಿದೆ. ಬಲೂನುಗಳು ಹಪ್ಪಳದ ಹಾಗೆ ಎದ್ದು ಬಂದವು. ಕೆಳಗೆ ನಿಜವಾಗಿಯೂ ಚಿತ್ರವಿತ್ತು: ಒಂದು ಕಿಟಕಿ, ಒಂದು ಮರದ ಕೊಂಬೆ, ಯಾರೂ ನೋಡದ ಒಂದು ನಾಯಿ. ಸಂತೋಷಕ್ಕೆ ನಾನೊಬ್ಬನೇ ಅಡುಗೆಮನೆಯಲ್ಲಿ ನಕ್ಕೆ. ಎಪ್ಪತ್ತಕ್ಕೂ ಹೆಚ್ಚು ಬಲೂನುಗಳನ್ನು ಹಳೇ ಪೇಪರಿನಲ್ಲಿ ಮುದುರಿ, ಮಾರನೆಯ ಬೆಳಿಗ್ಗೆ ಕಸದ ಗಾಡಿಗೆ ಹಾಕಿದೆ.

ಮುಂದಿನ ಭಾನುವಾರ ಹನ್ನೊಂದು ಪುಟಗಳನ್ನೂ ಕಂಕುಳಲ್ಲಿಟ್ಟುಕೊಂಡು ಲಕ್ಷ್ಮೀಪುರಂಗೆ ಹೋದೆ. ಮೇಷ್ಟರಿಗೆ ಎಂಬತ್ತರ ಹತ್ತಿರ. ಮಗಳು ಅಳಿಯನ ಜೊತೆ ಇದ್ದಾರೆ, ಈಗಲೂ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಏನಾದರೂ ಬರೆಯುತ್ತಿರುತ್ತಾರೆ. ಪುಟಗಳನ್ನು ನೋಡಿ ಅವರು ಮಗುವಿನ ಹಾಗಾದರು. “ಅಯ್ಯೋ, ಈ ನಾಯಿ ಇಲ್ಲೇ ಅದಾ ಇನ್ನೂವೆ?” ಅಂತ ಬೆರಳಿಟ್ಟು ತೋರಿಸಿದರು. ಕಥೆ ಬರೆಯುವವರು ಮಾತು ಕಳಿಸುವುದು ಯಾವಾಗಲೂ ತಡವಾಗುತ್ತಿತ್ತಂತೆ. ಎಲ್ಲಿ ಬಲೂನು ಬರುತ್ತದೋ ತಿಳಿಯದೆ ಪೂರ್ತಿ ಚಿತ್ರ ಬರೆದುಬಿಡುತ್ತಿದ್ದರಂತೆ. ನನಗೆ ಚಿತ್ರ ಬರೆದುಕೊಡಲು ಆಗಲೇ ಅರ್ಧ ಒಪ್ಪಿದ್ದರು. ಅಷ್ಟರಲ್ಲಿ ಅವರ ಹೆಂಡತಿ ಶಿವಮ್ಮನವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುವಿದರು. ಕೊನೆಯ ಪುಟವನ್ನು ಮಗುಚಿ ಹಿಂಬದಿಯನ್ನೂ ನೋಡಿದರು.

“ನನ್ನಕ್ಷರ ಎಲ್ಲೋದ್ವಪ್ಪ?” ಅಂದರು.

ಯಾವ ಅಕ್ಷರ ಅಂತ ಕೇಳುವಷ್ಟು ದಡ್ಡ ನಾನು; ಕೇಳಿಯೂಬಿಟ್ಟೆ. ಮೇಷ್ಟರು ಕೈಯಲ್ಲಿದ್ದ ಪುಟವನ್ನು ಮೆಲ್ಲಗೆ ಕೆಳಗಿಟ್ಟರು. ಪುಟ್ಟಸ್ವಾಮಿ ಬಂದಷ್ಟು ವರ್ಷವೂ ಬಲೂನಿನ ಅಕ್ಷರವೆಲ್ಲ ಬರೆದದ್ದು ಶಿವಮ್ಮನವರು. ಪತ್ರಿಕೆಯಲ್ಲಿ ಒಂದು ಸಲವೂ ಅವರ ಹೆಸರು ಬಂದಿರಲಿಲ್ಲ. ಆ ಹನ್ನೊಂದು ಪುಟಗಳ ಮೇಲೆ ಅವರದು ಅಂತ ಇದ್ದದ್ದು ನಾನು ಕಸಕ್ಕೆ ಹಾಕಿದ ಎಪ್ಪತ್ತು ಚಿಲ್ಲರೆ ತುಂಡುಗಳು ಮಾತ್ರ. ಉಳಿದ ಪುಟಗಳೆಲ್ಲ ಎಂದೋ ಎಲ್ಲೆಲ್ಲೋ ಚೆದುರಿಹೋಗಿದ್ದವು. ಕಸದ ಗಾಡಿಗೆ ಹೋಯಿತು ಅಂತ ನಾನು ಹೇಳಿದಾಗ ಅವರು ಬೈಯಲಿಲ್ಲ. ಹೌದಾ ಅಂದು ಒಳಗೆ ಹೋದರು. ಕಾಫಿಯನ್ನು ಅವರ ಮಗಳು ತಂದುಕೊಟ್ಟಳು. ಚಿತ್ರದ ವಿಷಯ ಮತ್ತೆ ಎತ್ತಿದಾಗ ಮೇಷ್ಟರು, “ಅವ್ಳು ಒಪ್ಪುದ್ರೆ ನೋಡಾಣ” ಅಂದರು, ಅಷ್ಟೆ.

ಮನೆಗೆ ಬಂದು ಹೇಳಿದರೆ ಹೆಂಡತಿ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂದಳು. ಇಡ್ಲಿ ಪಾತ್ರೆ ಮೈದಾ ವಾಸನೆ ಹೊಡೆಯುತ್ತಿರುವುದು ಯಾಕೆ ಅಂತ ಅವಳಿಗೆ ಆಗ ತಿಳಿಯಿತು. ಹೋಗಿ ತಪ್ಪಾಯಿತು ಅನ್ನಿ ಅಂತ ದಿನಾ ಹೇಳಿದಳು. ಹೋದೆ. ಆದರೆ ತಪ್ಪಾಯಿತು ಅನ್ನುವುದು ಬಿಟ್ಟು ನನ್ನ ಬಾಯಲ್ಲಿ ಬಂದದ್ದೇ ಬೇರೆ: ಅಮ್ಮಾ, ಎಲ್ಲ ಮಾತನ್ನೂ ಕಂಪ್ಯೂಟರಿನಲ್ಲಿ ಚೆನ್ನಾಗಿ ಅಚ್ಚು ಹಾಕಿಸಿ ಅಂಟಿಸಿಬಿಡೋಣ. ಶಿವಮ್ಮನವರು ಮೊದಲ ಸಲ ನಕ್ಕರು. ಆ ನಗು ಬೈಗುಳಕ್ಕಿಂತ ಚುಚ್ಚಿತು.

“ಕಿತ್ತೋನು ನೀನು, ಬರೆಯೋನೂ ನೀನೇಯ. ನಂಗೆ ಕೈ ನಡುಗ್ತದೆ. ಬಾ, ಯೋಳ್ಕೊಡ್ತೀನಿ” ಅಂದರು.

ಹಾಗೆ ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಮತ್ತೆ ಅ ಆ ಇ ಈ ತಿದ್ದಲು ಕೂತೆ. ಪ್ರತಿ ಭಾನುವಾರ ಹತ್ತು ಗಂಟೆಗೆ ಅವರ ಊಟದ ಮೇಜು, ಒಂದು ಸ್ಕೇಲು, ನಿಬ್ಬಿನ ಪೆನ್ನು, ಕಪ್ಪು ಶಾಯಿ. ಅವರ ಮಾತಿನಲ್ಲಿ ಹಕಾರವೇ ಕೇಳಿಸುವುದಿಲ್ಲ. ನನ್ನ ಬರಹದಲ್ಲಿ ಹಕಾರದ ತಲೆ ಒಂದು ಕೂದಲೆಳೆ ಓರೆಯಾದರೂ ಹರಿದು ಕೈಗೆ ಕೊಡುತ್ತಿದ್ದರು. ನಮ್ಮ ಅಕ್ಷರಗಳ ದೊಡ್ಡ ಕಷ್ಟ ಒತ್ತಕ್ಷರವಂತೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ, ಬಲೂನು ಇರುವುದೇ ಅಂಗೈಯ ಅರ್ಧ. ಅದಕ್ಕೆ ಅವರು ಒಂದು ಉಪಾಯ ಮಾಡುತ್ತಿದ್ದರು: ಒತ್ತು ಜಾಸ್ತಿ ಇರುವ ಮಾತನ್ನೇ ಬದಲಾಯಿಸಿಬಿಡುವುದು. ‘ನಿಶ್ಚಯವಾಗಿಯೂ’ ಅಂತ ಬಂದರೆ ‘ಖಂಡಿತ’ ಅಂತ ಬರೆಯುವುದು. ಕಥೆಗಾರರಿಗೆ ಗೊತ್ತಾಗುತ್ತಿರಲಿಲ್ಲವೇ ಅಂತ ಕೇಳಿದೆ. ಅವರು ಅಚ್ಚಾದ ಮೇಲೆ ತಮ್ಮ ಹೆಸರು ಮಾತ್ರ ಓದುತ್ತಿದ್ದರು ಅಂದರು ಶಿವಮ್ಮನವರು.

ಆರು ಪುಟಗಳ ಮಾತು ನನ್ನ ಹತ್ತಿರವಿದ್ದ ಹಳೆಯ ಸಂಚಿಕೆಯಲ್ಲಿ ಸಿಕ್ಕಿತು. ಮಿಕ್ಕ ಐದು ಪುಟ ಬಂದಿದ್ದ ಮುಂದಿನ ಸಂಚಿಕೆ ಎಲ್ಲಿಯೂ ಸಿಗಲಿಲ್ಲ. ಶಿವಮ್ಮನವರು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಒಂಬತ್ತನೆಯ ಪುಟ ಬಂದಾಗ ನಾನು ಜಂಬದಿಂದ, ಇದು ನನಗೆ ಬಾಯಿಪಾಠ ಅಮ್ಮ, ವಿಳಾಸ ಇದೆ ಅಂದಮೇಲೆ ಮನೆಯೂ ಇರುತ್ತದೆ ಅಂದೆ. ಅದರ ಮೂಲ ಮಾತು ಏನಿತ್ತು ಗೊತ್ತಾ ಅಂತ ಅವರು ಕೇಳಿದರು. ಮೊದಲ ಕಂತಿಗೆ ಕಥೆಗಾರರು ಬರೆದು ಕಳಿಸಿದ್ದು ಹೀಗಂತೆ: ಲಕೋಟೆಯ ಮೇಲೆ ಸ್ಪಷ್ಟವಾಗಿ ವಿಳಾಸವನ್ನು ನಮೂದಿಸಿರುವಾಗ ತತ್ಸಂಬಂಧವಾದ ಗೃಹವು ಎಲ್ಲಿಯಾದರೂ ಅಸ್ತಿತ್ವದಲ್ಲಿ ಇರಲೇಬೇಕಲ್ಲವೆ?

“ಅಷ್ಟುದ್ದ ಬರುದ್ರೆ ಪುಟ್ಟಸ್ವಾಮಿ ಮಕಾನೇ ಮುಚ್ಚೋಯ್ತದೆ. ಅದ್ಕೆ ನಾನೇ ಕತ್ರುಸ್ಬುಟ್ಟೆ. ಆಮೇಲೆ ಅದೇ ನಡ್ಕಂಡೋಯ್ತು” ಅಂದರು.

ನಾನು ಪೆನ್ನು ಕೆಳಗಿಟ್ಟೆ. ಚಿಕ್ಕಂದಿನಿಂದ ನಾನು ಮಾದು ಅವರ ಅಭಿಮಾನಿ ಅಂದುಕೊಂಡಿದ್ದೆ. ಹೆಬ್ಬಾಳದ ಗೇಟುಗಳ ಮುಂದೆ ನನ್ನನ್ನು ನಡೆಸಿದ್ದು ಈ ಹೆಂಗಸಿನ ಮಾತು. ಅದನ್ನೇ ನಾನು ಹಬೆಯಲ್ಲಿ ಬೇಯಿಸಿ, ಮುದುರಿ, ಕಸಕ್ಕೆ ಹಾಕಿದ್ದೆ. ಆ ದಿನವಾದರೂ ತಪ್ಪಾಯಿತು ಅನ್ನಬೇಕಿತ್ತು. ಶಾಯಿ ಮುಗಿದಿದೆ ಅಮ್ಮ, ಅಂಗಡಿಯಿಂದ ತರುತ್ತೇನೆ ಅಂತ ಎದ್ದು ಹೋದೆ.

ಎಲ್ಲ ಬಲೂನುಗಳೂ ಕಳೆದ ತಿಂಗಳು ಮುಗಿದವು. ಶಿವಮ್ಮನವರು ಒಪ್ಪಿದರು, ಹೊಗಳಲಿಲ್ಲ; ನನ್ನ ಚಿತ್ರ ಬರೆಯಲು ಮೇಷ್ಟರಿಗೂ ಹೂಂ ಅಂದರು. ಇವತ್ತು ಮಧ್ಯಾಹ್ನ ಮೇಷ್ಟರು ಫೋನು ಮಾಡಿ ನಿನ್ನ ಚಿತ್ರ ಆಯಿತು ಬಾ ಅಂದರು. ತಿಂಡಿಯಲ್ಲೇ ನಾಚಿಕೆ ಶುರುವಾಗಿದ್ದ ದಿನ ಇದು. ಆದರೂ ಚಪ್ಪಲಿ ಮೆಟ್ಟಿಕೊಂಡು ಓಡಿದೆ.

ನಾನು ಕೇಳಿದ್ದು ನಮ್ಮ ಮನೆಬಾಗಿಲಲ್ಲಿ ಪುಟ್ಟಸ್ವಾಮಿ. ಮೇಷ್ಟರು ಬರೆದದ್ದು ಮೂರು ಚೌಕ. ಮೊದಲನೆಯದರಲ್ಲಿ ಬನಿಯನ್ ಹಾಕಿಕೊಂಡ ನಾನು ಒಲೆಯ ಮುಂದೆ ಪುಟ ಹಿಡಿದು ನಿಂತಿದ್ದೇನೆ. ಎರಡನೆಯದರಲ್ಲಿ ಪುಟ್ಟಸ್ವಾಮಿ, ಹೊಟ್ಟೆ ಸಮೇತ, ನನ್ನ ಬನಿಯನ್ನಿನ ಪಟ್ಟಿ ಹಿಡಿದು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟಿದ್ದಾನೆ. ಮೂರನೆಯದರಲ್ಲಿ ಒಂದು ಮೇಜು, ನಿಬ್ಬು ಹಿಡಿದು ಕೂತ ಶಿವಮ್ಮ, ಎದುರಿಗೆ ಕೈಮುಗಿದು ನಿಂತ ನಾನು. ನನ್ನ ಬಾಯಿಯ ಪಕ್ಕ ಒಂದು ಬಲೂನಿನ ಜಾಗ, ಖಾಲಿ. ಮೇಷ್ಟರು ತಲೆಯೆತ್ತಲಿಲ್ಲ. ಶಿವಮ್ಮನವರು ಒಂದು ತುಂಡು ಕಾಗದವನ್ನು ನನ್ನ ಕಡೆ ತಳ್ಳಿದರು.

ಹತ್ತು ತಿಂಗಳು ಬಾಯಲ್ಲಿ ಬಾರದ್ದನ್ನು ಪೆನ್ಸಿಲಿನಲ್ಲಿ ಬರೆದೆ: ಅಮ್ಮಾ, ತಿಳಿಯದೆ ನಿಮ್ಮ ಅಕ್ಷರಗಳನ್ನೆಲ್ಲ ಕಿತ್ತು ಎಸೆದುಬಿಟ್ಟೆ, ದಯವಿಟ್ಟು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ಅವರು ಓದಿ, ನನ್ನ ಕೈಯಿಂದ ಪೆನ್ಸಿಲು ತೆಗೆದುಕೊಂಡರು.

“ತಿಳೀದೆ ಅನ್ನೋದು ಸುಳ್ಳು. ಅಕ್ಷರ ಅಂತ ಗೊತ್ತಿತ್ತು, ಬೇಡ ಅಂತ ಕಿತ್ತೆ” ಅಂದು ಆ ಮಾತಿಗೆ ಗೆರೆ ಎಳೆದು ಹೊಡೆದರು. ದೊಡ್ಡ ಮನಸ್ಸನ್ನೂ ಹೊಡೆದರು. ಕ್ಷಮಿಸುವುದು ನಿನ್ನ ಬಲೂನಿನಲ್ಲಿ ಬರುವ ಮಾತಲ್ಲ ಅಂದು ಅದನ್ನೂ ಹೊಡೆದರು. ಉಳಿದದ್ದು ಇಷ್ಟು: ಅಮ್ಮಾ, ನಿಮ್ಮ ಅಕ್ಷರ ಕಿತ್ತು ಎಸೆದೆ. ಅದನ್ನು ಶಾಯಿಯಲ್ಲಿ ಬರೆದೆ. ಎರಡೇ ಸಾಲು, ಸರಿಯಾಗಿ ಕೂತಿತು. ಅವರೇ ಅಂಟಿಸಿದರು.

ಆಮೇಲೆ ಇನ್ನೊಂದು ತುಂಡು ಕತ್ತರಿಸಿ, ನಿಬ್ಬನ್ನು ಶಾಯಿಗೆ ಅದ್ದಿದರು. ಎಡಗೈಯಿಂದ ಬಲ ಮಣಿಕಟ್ಟು ಹಿಡಿದುಕೊಂಡು ತುಂಬ ನಿಧಾನವಾಗಿ ಬರೆದರು. ಒಣಗಿದ ಮೇಲೆ ಚಿತ್ರದ ಶಿವಮ್ಮನ ಪಕ್ಕ ಇಟ್ಟು ಒತ್ತಿದರು. ‘ಇರಲಿ, ಬುಡು’ ಅಂತ ಇತ್ತು. ಅಕ್ಷರಗಳು ಒಂದೂ ನೆಟ್ಟಗಿರಲಿಲ್ಲ. ಮೇಷ್ಟರು ಬಿಳಿ ಬಣ್ಣದ ಸಣ್ಣ ಬ್ರಷ್ಷು ತೆಗೆದುಕೊಂಡು, ಅಂಚು ಸ್ವಲ್ಪ ತಿದ್ದಲಾ ಅಂತ ಬಗ್ಗಿದರು. ಬೇಡ ಮೇಷ್ಟ್ರೇ ಅಂತ ನಾನು ಅವರ ಕೈ ಹಿಡಿದುಕೊಂಡೆ.