ಬರೀ ಟೆನ್ಷನ್ನು ಅಂದರು

ಮಧುಗಿರಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಕನ್ನಡ ಕಲಿಸಿದೆ. ಪ್ರತಿ ಜೂನ್‌ನಲ್ಲೂ ಕಾರ್ಯದರ್ಶಿಗಳು, "ಈ ವರ್ಷ ಪರ್ಮನೆಂಟ್ ಮಾಡೋಣ ಮೇಡಂ" ಅನ್ನುತ್ತಿದ್ದರು. ಬೇಸಿಗೆ ರಜೆಯಲ್ಲಿ ಸಂಬಳ ಇರುತ್ತಿರಲಿಲ್ಲ. ನಮ್ಮ ಮನೆಯವರು ಸಿರಾ, ತಾವರೆಕೆರೆ ಕಡೆ ಸರಕಿನ ಆಟೋ ಓಡಿಸುತ್ತಿದ್ದುದರಿಂದ ಹೇಗೋ ನಡೆಯುತ್ತಿತ್ತು. ಆಟೋ ಮಗುಚಿ ಅವರ ಕಾಲು ಮುರಿದಾಗ ಎಂಟು ತಿಂಗಳು ಮನೆ ನನ್ನೊಬ್ಬಳ ಮೇಲೆ ಬಿತ್ತು.

ಆ ಎಂಟು ತಿಂಗಳಲ್ಲಿ ನಾನು ಬದಲಾದೆ. ಬೆಳಿಗ್ಗೆ ಎದ್ದು ಕೂತರೆ ಕಾಲು ನೆಲಕ್ಕಿಡಲು ಮನಸ್ಸು ಬರುತ್ತಿರಲಿಲ್ಲ. ಊಟ ರುಚಿಸುತ್ತಿರಲಿಲ್ಲ. ಹಾಜರಿ ಕರೆಯುತ್ತ ಕರೆಯುತ್ತ ಕಣ್ಣು ತುಂಬಿ ಬರುತ್ತಿತ್ತು. ಕಾರಣ ಕೇಳಿದ್ದರೆ ಹೇಳಲು ಗೊತ್ತಾಗುತ್ತಿರಲಿಲ್ಲ. ಕಾಲು ಕಟ್ಟಿಸಿಕೊಂಡು ಮಲಗಿದ್ದವರ ಹತ್ತಿರ ಇದನ್ನೆಲ್ಲ ಹೇಳಲಾರದೆ ಒಬ್ಬಳ ಹತ್ತಿರ ಮಾತ್ರ ಹೇಳಿಕೊಂಡೆ.

ಅವಳು ನಮ್ಮ ಶಾಲೆಯಲ್ಲೇ ಸಮಾಜ ವಿಜ್ಞಾನ ಕಲಿಸುತ್ತಿದ್ದವಳು, ಪಾವಗಡದ ಕಡೆಯವಳು, ನನಗಿಂತ ಆರು ವರ್ಷ ಚಿಕ್ಕವಳು. ಕನ್ನಡದಲ್ಲೂ ಎಂಎ ಮಾಡಿದ್ದಳು. ಮಧ್ಯಾಹ್ನ ಇಬ್ಬರೂ ಒಂದೇ ಬೆಂಚಿನಲ್ಲಿ ಡಬ್ಬಿ ಬಿಚ್ಚುತ್ತಿದ್ದೆವು. ಅವಳ ಕಡಲೆಕಾಯಿ ಚಟ್ನಿ ನನಗೆ, ನನ್ನ ಸೊಪ್ಪಿನ ಪಲ್ಯ ಅವಳಿಗೆ.

"ಡಾಕ್ಟ್ರ ಹತ್ರ ಹೋಗಬೇಕು ಅನ್ಸುತ್ತೆ ಕಣೇ. ಯಾರಿಗಾದ್ರೂ ಗೊತ್ತಾದ್ರೆ ಹುಚ್ಚು ಅಂತಾರೆ" ಅಂದೆ.

"ನನ್ನ ಬಾಯಿಂದ ಹೊರಗೆ ಬರಲ್ಲ ಅಕ್ಕಾ. ಒಟ್ಟು!" ಅಂತ ನನ್ನ ಕೈ ಮೇಲೆ ಕೈಯಿಟ್ಟಳು. ಅವಳ ತೆಲುಗಿನಲ್ಲಿ ಅದು ಆಣೆ.

ತಿಂಗಳು ಕಳೆದಿರಬೇಕು. ಒಂದು ದಿನ ಮೂರನೇ ಪೀರಿಯಡ್ಡು ಮುಗಿಸಿ ಸ್ಟಾಫ್ ರೂಮಿಗೆ ಬರುವಾಗ ಎದೆಯ ಮೇಲೆ ಗುಂಡುಕಲ್ಲು ಇಟ್ಟಂತಾಯಿತು. ದವಡೆ ಸೆಳೆಯಿತು, ಬೆನ್ನೆಲ್ಲ ಬೆವರಿತು. ಅವಳೇ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರು ಏನಾಯಿತಮ್ಮ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು, "ಇವರಿಗೆ ಡಿಪ್ರೆಶನ್ ಇದೆ ಸರ್, ಮನೇಲೂ ಕಷ್ಟ. ತುಂಬ ಯೋಚ್ನೆ ಮಾಡ್ತಾರೆ" ಅಂದುಬಿಟ್ಟಳು.

ಡಾಕ್ಟರು ಆಮೇಲೆ ನನ್ನನ್ನು ಕೇಳಿದ್ದು ಕಡಿಮೆ. ಇಸಿಜಿ ತೆಗೆಯಲಿಲ್ಲ. "ಬರೀ ಟೆನ್ಷನ್ನು. ಹಾಯಾಗಿರಿ" ಎಂದು ಗ್ಯಾಸಿಗೊಂದು, ನಿದ್ದೆಗೊಂದು ಮಾತ್ರೆ ಬರೆದರು. ನಾನೂ ನಂಬಿದೆ.

ನಾಲ್ಕನೇ ದಿನ ಬೆಳಿಗ್ಗೆ ಮುದ್ದೆ ತೊಳಸುತ್ತಿದ್ದವಳು ಒಲೆಯ ಮುಂದೆಯೇ ಕುಸಿದೆ. ಮನೆಯವರು ಕುಂಟುತ್ತಲೇ ಓಡಿ ಬಂದರು. "ಏನಾಯ್ತು ಕಣೇ?"

"ಎದೆನೋವು. ಡಾಕ್ಟ್ರು ಟೆನ್ಷನ್ನು ಅಷ್ಟೆ ಅಂದ್ರು" ಅಂದೆ.

"ಟೆನ್ಷನ್ನಿಗೆ ಮೈ ಇಂಗೆ ತಣ್ಣಗಾಯ್ತದಾ? ಏಳು!"

ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದ ನರ್ಸಮ್ಮ ಕಾಗದ ಹಿಡಿದುಕೊಂಡು ಡಾಕ್ಟರ ಕೋಣೆಗೆ ಓಡಿದರು. ಮಾತ್ರೆ ಅಗಿಯಲು ಕೊಟ್ಟು ಆಂಬುಲೆನ್ಸಿಗೆ ಹತ್ತಿಸಿದರು. ಕೊರಟಗೆರೆ ದಾಟುವಾಗ ಮನೆಯವರು ನನ್ನ ಪಾದ ಹಿಡಿದುಕೊಂಡು ಕೂತಿದ್ದದ್ದು ಮಾತ್ರ ನೆನಪಿದೆ. ತುಮಕೂರಿನಲ್ಲಿ ಸ್ಟೆಂಟ್ ಹಾಕಿದರು.

"ನನಗೆ ಶುಗರ್ ಇಲ್ಲ, ಬಿಪಿ ಇಲ್ಲ, ನಲವತ್ತಮೂರು ವಯಸ್ಸು. ಯಾಕೆ ಬಂತು ಸರ್?" ಎಂದು ಅಲ್ಲಿಯ ಡಾಕ್ಟರನ್ನು ಕೇಳಿದೆ. ಅವರು ಸ್ಟೂಲ್ ಎಳೆದುಕೊಂಡು ಕೂತು ನನ್ನ ನಿದ್ದೆ, ಊಟ, ಸಂಬಳ, ಅಳು ಎಲ್ಲವನ್ನೂ ವಿಚಾರಿಸಿದರು.

"ಇದೊಂದರಿಂದಲೇ ಬಂತು ಅಂತ ಹೇಳೋಕಾಗಲ್ಲಮ್ಮ. ಆದರೆ ಬಹಳ ದಿನದ ಬೇಸರ, ದುಡ್ಡಿನ ಚಿಂತೆ, ನಿದ್ದೆಗೇಡು ಹೃದಯಕ್ಕೂ ಪೆಟ್ಟು ಕೊಡ್ತವೆ. ಮನಸ್ಸು ಸರಿಯಿಲ್ಲದವರು ಎದೆನೋವು ಅಂದ್ರೆ ಇನ್ನೂ ಬೇಗ ನೋಡಬೇಕು. ಜನ ತಿರುವುಮುರುವು ಮಾಡ್ತಾರೆ, ಬರೀ ಮನಸ್ಸಿಂದು ಅಂತ ಬಿಟ್ಟುಬಿಡ್ತಾರೆ."

ಒಂದೂವರೆ ತಿಂಗಳ ಮೇಲೆ ಶಾಲೆಗೆ ಹೋದೆ. ಕಾರ್ಯದರ್ಶಿಗಳು ಕೂತುಕೊಳ್ಳಿ ಎನ್ನಲಿಲ್ಲ. "ಹಾರ್ಟಿನ ವಿಷಯ ಈಗ ಆಯ್ತು ಮೇಡಂ. ಆದ್ರೆ ನಿಮಗೆ ಮನಸ್ಸಿನ ತೊಂದರೆ ಇದೆ ಅಂತ ಮೊದಲೇ ನಮಗೆ ತಿಳಿದಿತ್ತು. ಹತ್ತನೇ ಕ್ಲಾಸಿನ ಮಕ್ಕಳು, ರಿಸ್ಕ್ ತಗೊಳ್ಳೋಕಾಗಲ್ಲ" ಅಂದರು. ಯಾರು ಹೇಳಿದರೆಂದು ಕೇಳಬೇಕಾಗಿರಲಿಲ್ಲ. ಗೋಡೆಯ ಟೈಮ್‌ಟೇಬಲ್ಲಿನಲ್ಲಿ ಹತ್ತನೇ ಕ್ಲಾಸಿನ ಕನ್ನಡದ ಮುಂದೆ ಅವಳ ಹೆಸರಿತ್ತು. ಕಾಯಂ ಮಾಡಿದ್ದೂ ಅವಳನ್ನೇ.

ಬಸ್ ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿಗೆ ನಿಂತಿದ್ದವಳನ್ನು ಹಿಡಿದೆ.

"ಯಾವಾಗ ಹೇಳಿದೆ?"

"ನೀವು ನನಗೆ ಹೇಳಿದ ವಾರವೇ. ಅವರೇ ಕೇಳಿದ್ರು ಅಕ್ಕಾ, ಯಾಕೆ ಮೇಡಂ ಡಲ್ಲಾಗಿದಾರೆ ಅಂತ."

"ಕ್ಲಿನಿಕ್ಕಲ್ಲೂ ಅವರೇ ಕೇಳಿದ್ರಾ?"

"ಅಲ್ಲಿ ನಿಜವಾಗ್ಲೂ ಟೆನ್ಷನ್ನೇ ಅಂದ್ಕೊಂಡೆ. ನಿಮ್ಮ ಒಳ್ಳೇದಕ್ಕೇ..." ಎಂದವಳು ತಲೆ ತಗ್ಗಿಸಿದಳು. "ಎರಡು ಮಕ್ಕಳನ್ನ ನಾನೊಬ್ಬಳೇ ಸಾಕಬೇಕು. ನನಗೂ ಕೆಲಸ ಬೇಕಿತ್ತು."

ಅವಳ ಕಷ್ಟವೂ ನನ್ನದರಂಥದ್ದೇ. ಅದಕ್ಕೇ ಹೆಚ್ಚು ಉರಿಯಿತು. ಬಸ್ಸು ಬಂತು, ಹತ್ತಿ ಹೋದಳು.

ಈಗ ಮನೆಯಲ್ಲೇ ಪಾಠ ಹೇಳುತ್ತೇನೆ. ಮನೆಯವರು ಮತ್ತೆ ಆಟೋ ಓಡಿಸುತ್ತಾರೆ. ಬಡವನಹಳ್ಳಿ ಸಂತೆಗೆ ಹೋದರೆ ನನಗೆಂದು ಸೊಪ್ಪು, ಹಣ್ಣು ತರುತ್ತಾರೆ. ಹೃದಯದ ಮಾತ್ರೆಯ ಜೊತೆಗೆ ಮನಸ್ಸಿನದ್ದನ್ನೂ ನುಂಗುತ್ತೇನೆ, ಮುಚ್ಚಿಡುವುದನ್ನು ಬಿಟ್ಟಿದ್ದೇನೆ. ಬೆಳಿಗ್ಗೆ ಬೆಟ್ಟದ ಕಡೆ ನಡೆದು ಬರುತ್ತೇನೆ. ನಿದ್ದೆ ಬರುತ್ತಿದೆ.

ಸಿಟ್ಟು ಬಿಡಬೇಕು ಅಂತ ಡಾಕ್ಟರು ಪ್ರತಿ ಸಲ ಹೇಳುತ್ತಾರೆ. ಬಿಟ್ಟಿಲ್ಲ. ಅವಳ ನಂಬರನ್ನೂ ಫೋನಿನಿಂದ ತೆಗೆದಿಲ್ಲ. ಯುಗಾದಿಗೆ ಒಮ್ಮೆ ಕರೆ ಬಂತು. ಅವಳ ಹೆಸರನ್ನು ನೋಡುತ್ತ ಕೂತೆ, ಎತ್ತಲಿಲ್ಲ.