ಸಜ್ಜೆ ಹೊಟ್ಟು ಯಾರದು?

ಗೆಳೆಯರೇ, ನನ್ನ ಹಳೆಯ ಡೀಸೆಲ್ ಕಾರಿನ ರೋಗ ಇವತ್ತು ಸಿಕ್ಕಿತು. ಊರೊಳಗೆ ತೆಪ್ಪಗಿರುತ್ತಿದ್ದ ಟೆಂಪರೇಚರ್ ಮುಳ್ಳು ಹೆದ್ದಾರಿಗೆ ಬಿದ್ದೊಡನೆ ಏರುತ್ತಿತ್ತು, ನಿಧಾನ ಮಾಡಿದರೆ ಇಳಿಯುತ್ತಿತ್ತು. ಥರ್ಮೋಸ್ಟಾಟ್ ಬದಲಿಸಿದರೂ ಅದೇ ಕುಣಿತ.

ಇವತ್ತು ಶಹಾಪುರದ ದಾರಿಯಲ್ಲಿ ಮುಳ್ಳು ಕೆಂಪಿಗೆ ತಾಗಿತು. ನಿಲ್ಲಿಸಿ ಬಾನೆಟ್ ಎತ್ತಿದೆ. ರೇಡಿಯೇಟರ್‌ನ ಸಂದುಗಳಲ್ಲೆಲ್ಲ ಹೊಟ್ಟು ಮೆತ್ತಿಕೊಂಡು ಗಾಳಿಯೇ ಆಡದಂತಾಗಿತ್ತು. ತಲೆಯೆತ್ತಿದರೆ, ಮುಂದೆಯೇ ಅರ್ಧ ರಸ್ತೆಗೆ ತೊಗರಿ ಹರವಿ, ಗಾಡಿಗಳು ತುಳಿಯಲೆಂದು ಕಾಯುತ್ತ ಕೂತ ಅಜ್ಜಿ! ಸಿಟ್ಟು ನೆತ್ತಿಗೇರಿತು.

“ಆಯಿ, ನೋಡ್ರಿಲ್ಲಿ! ನಿಮ್ಮ ಹೊಟ್ಟಿನಿಂದ ನನ್ನ ಇಂಜಿನ್ ಸಾಯಾಕತ್ತದ.”

ಅಜ್ಜಿ ಎದ್ದು ಬಂದು, ಒಂದು ಚಿಟಿಕೆ ಹೊಟ್ಟು ಕಿತ್ತು ಅಂಗೈಯಲ್ಲಿ ತಿಕ್ಕಿ ನೋಡಿದಳು.

“ಇದು ಸಜ್ಜಿ ಹೊಟ್ಟು ತಮ್ಮಾ. ನಂದು ತೊಗರಿ. ಯಾವೂರು ನಿಂದು?”

“ಕಕ್ಕೇರಾ.”

“ನಿಮ್ಮೂರ ಸಜ್ಜಿ ನೀನೇ ಹೊತ್ಕೊಂಡು ಬಂದು ನನ್ನ ಜೋಡಿ ಜಗಳಾ ತೆಗಿತಿಯೇನು?”

ನಮ್ಮೂರ ರಸ್ತೆಗೆ ಹರವಿದ ಸಜ್ಜೆಯ ಮೇಲೆ ನಾನೇ ಎಷ್ಟೋ ಸಲ ಕಾರು ಹಾಯಿಸಿದ್ದು ಆಗ ನೆನಪಾಯಿತು.

ಇಂಜಿನ್ ತಣ್ಣಗಾದ ಮೇಲೆ ಆಕೆಯೇ ಕಸಬರಿಗೆ ಕಡ್ಡಿ ಕೊಟ್ಟು, ತಾನೂ ನಿಂತು ಹೊಟ್ಟು ಕೆದರಿದಳು. ಕುಡಿಯಲು ತಂದಿದ್ದ ಕೊಡದ ನೀರನ್ನೂ ರೇಡಿಯೇಟರ್ ಮೇಲೆ ಸುರಿದಳು. ಸ್ಟಾರ್ಟ್ ಮಾಡಿ ಎಷ್ಟು ರೇಸ್ ಮಾಡಿದರೂ ಮುಳ್ಳು ನಡುವಿನಿಂದ ಅಲುಗಲಿಲ್ಲ. ಕೈಮುಗಿದು, ತೊಗರಿ ತಪ್ಪಿಸಿ ಪಕ್ಕದಿಂದ ಹೊರಟೆ. ಅಡ್ಡ ಬಂದು ನಿಂತಳು.

“ಸೈಡಿಗೆ ಎಲ್ಲಿ ಹೊಂಟಿ? ತೊಗರಿ ಮ್ಯಾಲೆ ಹಾಯಿಸು. ಜರಾ ಹಿಂದಕ್ಕೂ ಬಾ.”

ಹೋದೆ, ಬಂದೆ, ಮತ್ತೆ ಹೋದೆ. ಇಂಥ ಅಜ್ಜಿಗೆ ಇಲ್ಲ ಎನ್ನುವ ಗಂಡು ಯಾರಿದ್ದಾನೆ? ಆದರೆ ಇನ್ನೊಮ್ಮೆ ಮುಳ್ಳು ಏರಿದರೆ, ಆ ತೊಗರಿ ಹೊಟ್ಟು ಯಾರದೆಂದು ನನಗೆ ಪಕ್ಕಾ ಗೊತ್ತು.